ಆನೆ ಕಾಸಿನ ಬೆಲೆ

ಕಳೆದ ಬೇಸಗೆಯಲ್ಲಿ ಊರಿಗೆ ಬಂದ ಮೊಮ್ಮಗನು ಬಣ್ಣದ ಬಿಲ್ಲೆಯೊಂದನ್ನು ನನ್ನ ಕೈಗಿತ್ತನು. ಗೋವಾದ ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೋ ಹಡಗೊಂದರ ಚಿಪ್ಪು ಅದು. ಹಡಗಿನೊಳಗೆ ಅದು ಹಣ. ಹೊರಗೆ ಬರಿಯ ಬಿಲ್ಲೆ. ಆದರೂ ಇಂತಹವನ್ನು ಕೂಡಿಡುವ ಹವ್ಯಾಸಿಗಳು ದೇಶವಿದೇಶಗಳಲ್ಲಿ ಇದ್ದಾರೆ. ಮುಚ್ಚಿಹೋದ ಜೂಜುಮನೆಯ, ನಾಶವಾಗದೆ ಉಳಿದ ಬಿಲ್ಲೆಗೆ ಅವರು ಅದರ ಮೇಲೆ ಅಚ್ಚಾದ ಮೊತ್ತಕ್ಕಿಂತ ಹೆಚ್ಚಿನ ಬೆಲೆ ತೆರುವುದುಂಟು. ಇದನ್ನು ಕೇಳಿದೊಡನೆ ನಮ್ಮ ಮನೆಯ ಆನೆ ಕಾಸುಗಳು ನೆನಪಾದವು.

ನಮ್ಮ ತಾಳವಾಡಿ ಸೀಮೆಯು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪು ಸುಲ್ತಾನನು 1790ರಲ್ಲಿ ಗಜಲಹಟ್ಟಿ ಕಣಿವೆಯ ಮೂಲಕವೇ ಸತ್ಯಮಂಗಲದತ್ತ ದಂಡಿಳಿಸಿದನು. ಅವನ ಪತನದ ಬಳಿಕ ಕೊಯಮತ್ತೂರು ಪ್ರಾಂತವು ಕಂಪನಿ ಸರ್ಕಾರಕ್ಕೆ ಸೇರಿತು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. ಗಡಿಗಳು ಬದಲಾದರೂ ಹಳೆಯ ಕಾಸುಗಳು ಮನೆಗಳ ಮಡಕೆಗಳಲ್ಲಿ ಉಳಿದವು.

ಟಿಪ್ಪುವಿನ ತಾಮ್ರದ ಕಾಸಿನ ಒಂದು ಮೈಯಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಪಾರಸಿ ಲಿಪಿಯಲ್ಲಿರುತ್ತದೆ. 1787ರಿಂದ ಅವನು ಮೌಲೂದಿ ಶಕೆಯನ್ನು ಬಳಕೆಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. 1223 ಎಂಬುದು ತಿಳಿಯದವರ ಕಣ್ಣಿಗೆ 3221 ಎಂದು ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೂ ಆನೆಯ ಕಾಸು ಮುಂದುವರಿಯಿತು. ಮೇಲೆ ಶ್ರೀಕಾರವೂ, ಕನ್ನಡದಲ್ಲಿ ‘ಮಯಿಲಿ ಕಾಸು’ ಎಂಬ ಬರಹವೂ ಬಂದವು. ತರುವಾಯ ಆನೆಯ ಸ್ಥಾನದಲ್ಲಿ ಸಿಂಹವು ಕಾಣಿಸಿಕೊಂಡಿತು. 1833ರಲ್ಲಿ ಟಂಕಸಾಲೆಯು ಬೆಂಗಳೂರಿಗೆ ಸ್ಥಳಾಂತರಗೊಂಡು, 1843ರಲ್ಲಿ ಮುಚ್ಚಲ್ಪಟ್ಟಿತು.

ಹವ್ಯಾಸಿಗಳು ಈ ಕಾಸುಗಳಿಗೆ ಬೆಲೆ ಕಟ್ಟುವ ಕ್ರಮವನ್ನು ಬಹುಮಂದಿ ತಪ್ಪಾಗಿ ತಿಳಿದಿದ್ದಾರೆ. ಹಳೆಯದೆಂಬ ಮಾತ್ರಕ್ಕೆ ಬೆಲೆಯಿಲ್ಲ. ತಾಮ್ರದ ತೂಕಕ್ಕೂ ಅಲ್ಲ. ಶ್ರೀರಂಗಪಟ್ಟಣದ ಕಾಸು ಹೇರಳವಾಗಿ ದೊರೆಯುವುದರಿಂದ ಅದರ ಬೆಲೆ ಅಲ್ಪ. ಕೆಲವೇ ಕಾಲ ನಡೆದ ಟಂಕಸಾಲೆಯದು ವಿರಳ, ಆದುದರಿಂದ ಬೆಲೆ ಅಧಿಕ. ಅಕ್ಷರ, ಇಸವಿ, ಆನೆಯ ಸೊಂಡಿಲು ಸವೆಯದೆ ಉಳಿದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾಲವು ತಾಮ್ರಕ್ಕೆ ಹಚ್ಚಿದ ಕಂದುಬಣ್ಣವು ಕೆಡದಿರಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಹತ್ತು ವರ್ಷದ ಬಾಲಕನಾಗಿದ್ದಾಗ, ಅಜ್ಜಿಯ ಗಂಟಿನಲ್ಲಿದ್ದ ಕಾಸುಗಳನ್ನೆಲ್ಲ ದೀಪಾವಳಿಯ ಹಂಡೆಯ ಜೊತೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆನು. ಅವು ಚಿನ್ನದಂತೆ ಹೊಳೆದವು, ಅಜ್ಜಿ ಮೆಚ್ಚಿದಳು. ಮುಂದೆ ಶಿಕ್ಷಕನಾಗಿ ಮೈಸೂರಿಗೆ ಹೋದಾಗ, ನಾಣ್ಯ ಬಲ್ಲವರೊಬ್ಬರು ಅವನ್ನು ನೋಡಿ, ಬೆಲೆಯ ಬಹುಪಾಲು ಹುಣಸೆಹುಳಿಯಲ್ಲಿ ಕರಗಿಹೋಯಿತೆಂದು ನಕ್ಕರು. ಬಳಿಕ ಅವರು ಕೇಳಿದ ಪ್ರಶ್ನೆ ಇನ್ನೂ ಕಾಡುತ್ತಿದೆ: ಇವು ಯಾವ ಹೊಲದಲ್ಲಿ, ಯಾರಿಗೆ ದೊರೆತವು? ಅಜ್ಜಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ. ಆಗ ಅಜ್ಜಿ ಇರಲಿಲ್ಲ.

ಆದುದರಿಂದ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಹಳೆಯ ಕಾಸಿದ್ದರೆ ಉಜ್ಜಬೇಡಿರಿ. ಪಾತ್ರೆಯ ವ್ಯಾಪಾರಿಗೆ ತೂಕಕ್ಕೆ ಕೊಡಬೇಡಿರಿ. ಎಲ್ಲಿಂದ ಬಂದಿತೆಂಬುದನ್ನು ಹಿರಿಯರಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಹೊಲ ಉಳುವಾಗ ನಿಧಿಯೇ ದೊರೆತರೆ, 1878ರ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಮೊಮ್ಮಗನ ಚಿಪ್ಪನ್ನೂ ನಾನು ಹಿಂದಿರುಗಿಸಲಿಲ್ಲ. ಇಸವಿಯನ್ನೂ, ತಂದವನ ಹೆಸರನ್ನೂ ಚೀಟಿಯಲ್ಲಿ ಬರೆದು, ಹೊಳಪು ಕಂದಿದ ಆ ಆನೆ ಕಾಸುಗಳ ಡಬ್ಬಿಯಲ್ಲಿಯೇ ಇಟ್ಟಿದ್ದೇನೆ.