ಹಳೆಯ ಕಚೇರಿಯ ದನಿ

(ಆಕಾಶವಾಣಿ ಭಾಷಣ)

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದ. ಪಾಶ್ಚಾತ್ಯ ರಾಕ್ ಸಂಗೀತವೆಂದರೆ ಅವನಿಗೆ ಊಟವೂ ಬೇಡ. ಮಾತಿನ ನಡುವೆ, ‘ಸರ್, ಎಪ್ಪತ್ತು ಎಂಬತ್ತು ವರ್ಷದ ಈ ಮುದುಕರು ಹೊಸಾದು ಹಾಡೂದು ಬಿಟ್ಟು ಹಳೇ ಕಚೇರಿ ಟೇಪು ಯಾಕ ಹೊರಗ ತರ್ತಾರ್ರಿ? ರೊಕ್ಕಕ್ಕೇನ್ರಿ?’ ಎಂದು ಕೇಳಿದ. ಆ ಹೊತ್ತಿಗೆ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ರೊಕ್ಕದ ಮಾತು ಸುಳ್ಳಲ್ಲ. ಕಾಯಿದೆಯ ಮಾತೂ ಅದರೊಂದಿಗೆ ಸೇರಿದೆ. ಮುದ್ರಿಸಿದ 50 ವರ್ಷಗಳೊಳಗೆ ಹೊರಬಾರದ ಧ್ವನಿಮುದ್ರಣಕ್ಕೆ ಯುರೋಪಿನಲ್ಲಿ ರಕ್ಷಣೆ ತಪ್ಪುತ್ತದೆ. ಆದುದರಿಂದಲೇ ಬಾಬ್ ಡಿಲನ್‌ನ 1962ರ ಅಪ್ರಕಟಿತ ಮುದ್ರಣಗಳನ್ನು 2012ರ ಕೊನೆಗೆ ನೂರರಷ್ಟು ಪ್ರತಿಗಳಲ್ಲಿ ಹೊರತಂದು ಹಕ್ಕನ್ನು ಉಳಿಸಿಕೊಂಡರು. ಆದರೆ ಇಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ಅದೇ ಡಿಲನ್ 1966ರಲ್ಲಿ ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಗಿಟಾರ್ ಹಿಡಿದು ಹಾಡಿದಾಗ, ಸಭಿಕನೊಬ್ಬ ಅವನನ್ನು ‘ಜೂಡಾಸ್’ ಎಂದು, ಅಂದರೆ ಗುರುದ್ರೋಹಿ ಎಂದು, ಕೂಗಿ ಜರೆದ. ಆ ಕಚೇರಿ ಕಳ್ಳ ಪ್ರತಿಗಳಲ್ಲಿ, ಅದೂ ತಪ್ಪು ಸಭಾಂಗಣದ ಹೆಸರಿನಲ್ಲಿ, ಮೂರು ದಶಕ ಓಡಾಡಿತು. 1998ರಲ್ಲಿ ಅದು ಅಧಿಕೃತವಾಗಿ ಹೊರಬಂದಾಗ ಆ ಬೈಗುಳವೂ ಅದರಲ್ಲಿತ್ತು. ತನ್ನನ್ನು ಜರೆದ ದನಿಯನ್ನೂ ಚರಿತ್ರೆಗೆ ಒಪ್ಪಿಸುವುದು ಬರಿಯ ವ್ಯಾಪಾರದ ಬುದ್ಧಿಯಲ್ಲ.

ಇನ್ನೊಬ್ಬ ನೀಲ್ ಯಂಗ್. 1971ರ ಜನವರಿಯಲ್ಲಿ ಟೊರಾಂಟೋದ ಮ್ಯಾಸಿ ಹಾಲಿನಲ್ಲಿ ಒಬ್ಬನೇ ಕುಳಿತು ಹಾಡಿದ. ಅದನ್ನು ಆಗಲೇ ಪ್ರಕಟಿಸಬೇಕೆಂದು ಅವನ ನಿರ್ಮಾಪಕ ಡೇವಿಡ್ ಬ್ರಿಗ್ಸ್ ಒತ್ತಾಯಿಸಿದ. ಯಂಗ್ ಒಪ್ಪದೆ ಸ್ಟುಡಿಯೋದ ‘ಹಾರ್ವೆಸ್ಟ್’ ಸಂಪುಟವನ್ನು ಹೊರತಂದ. ಮ್ಯಾಸಿ ಹಾಲಿನ ಮುದ್ರಣ ಬೆಳಕು ಕಂಡದ್ದು 2007ರಲ್ಲಿ. ಬ್ರಿಗ್ಸ್ 1995ರಲ್ಲಿಯೇ ತೀರಿಕೊಂಡಿದ್ದ. ಯೌವನದಲ್ಲಿ ತನ್ನ ಹಾಡು ತನಗೇ ಪೂರ್ತಿ ಕೇಳಿಸುವುದಿಲ್ಲವೇನೋ. ಅದಕ್ಕೆ ಮುಪ್ಪು ಬೇಕಾಗುತ್ತದೆ.

ಇದೆಲ್ಲ ದೂರದ ಮಾತಾಯಿತು. ನಮ್ಮ ಮಲಪ್ರಭೆಯ ಸೀಮೆಗೆ ಬರೋಣ. ಧಾರವಾಡದ ಗಾಯಕರ ಮೊದಲ ತಟ್ಟೆಗಳು ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷದವು. ಒಂದು ತಾಸು ಬೆಳೆಯಬೇಕಾದ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸುವುದೆಂದರೆ ಆಲದ ಮರವನ್ನು ಕುಂಡದಲ್ಲಿ ನೆಟ್ಟಂತೆ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿಯೇ ತಟ್ಟೆಗಳಿಗೆ ಹಾಡಿದವರು. ಆದರೆ ಮಂಜೀಖಾನ್, ಬುರ್ಜೀಖಾನರಲ್ಲಿ ಕಲಿತು, ದಶಕಗಳ ಕಾಲ ಅರೆದು ಕುಡಿದ ವಿದ್ಯೆಗೆ ದೇಶದ ಮನ್ನಣೆ ದೊರೆತದ್ದು ಅವರ ಇಳಿವಯಸ್ಸಿನಲ್ಲಿ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳಲ್ಲಿರುವುದು ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಬಂದದ್ದು ನಾವೆಲ್ಲ ಬಲ್ಲ ಆ ಗಂಡುಗಾಂಭೀರ್ಯ. ತಟ್ಟೆಗಳು ಮಾತ್ರ ಉಳಿದಿದ್ದರೆ ಈ ಇಬ್ಬರ ಪೂರ್ಣಸ್ವರೂಪ ಮುಂದಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಅದನ್ನು ಕಾಯ್ದವು ಬಾನುಲಿಯ ಭಂಡಾರ ಮತ್ತು ಮನೆಬೈಠಕ್ಕುಗಳಲ್ಲಿ ರಸಿಕರು ಹಿಡಿದಿಟ್ಟ ಟೇಪುಗಳು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ತೆರೆದದ್ದು ಈ ದೃಷ್ಟಿಯಿಂದ ನಮ್ಮ ಸೀಮೆಯ ಸಾಂಸ್ಕೃತಿಕ ಇತಿಹಾಸದ ಒಂದು ಮುಖ್ಯ ಘಟನೆ. 2003ರಿಂದ ಪ್ರಸಾರ ಭಾರತಿ ತನ್ನ ಭಂಡಾರದ ಸಂಗೀತವನ್ನು ಪ್ರಕಟಿಸತೊಡಗಿದಾಗ, ಗತಿಸಿದ ಗಾಯಕರು ತಮ್ಮ ಪೂರ್ಣ ಉಸಿರಿನಲ್ಲಿ ಮತ್ತೆ ಹಾಡಿದರು.

ಹಕ್ಕಿನ ಮಾತನ್ನೂ ಇಲ್ಲಿ ಮರೆಯಬಾರದು. 1994ರ ತಿದ್ದುಪಡಿಯ ತನಕ ನಮ್ಮ ಕಾಯಿದೆಯಲ್ಲಿ ಹಾಡುಗಾರನಿಗೆ ತನ್ನ ಗಾಯನದ ಮೇಲೆ ಪ್ರತ್ಯೇಕ ಹಕ್ಕೇ ಇರಲಿಲ್ಲ. ಹಳೆಯ ಕಚೇರಿಯನ್ನು ಕಲಾವಿದ ತಾನೇ ಹೊರತರುವುದೆಂದರೆ, ಪರರ ಪೆಟ್ಟಿಗೆಯಲ್ಲಿದ್ದ ತನ್ನ ದನಿಯನ್ನು ತಾನು ಮರಳಿ ಪಡೆದಂತೆ.

ಆದರೆ ಪೆಟ್ಟಿಗೆಯಲ್ಲಿ ದನಿಯೇ ಇಲ್ಲದವರ ಗತಿ? ನಮ್ಮ ಬೈಲಹೊಂಗಲ ಸಂಗ್ಯಾ-ಬಾಳ್ಯಾ ಸಣ್ಣಾಟದ ತವರು. ಕಿತ್ತೂರಿನ ಸುತ್ತ ಚೆನ್ನಮ್ಮ, ರಾಯಣ್ಣರ ಲಾವಣಿ, ಗೀಗೀಪದಗಳು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಚೌಡಿಕೆಯ ಪದಗಳು. ರಾಮದುರ್ಗದ ಹಳ್ಳಿಗಳಲ್ಲಿ ಭಜನೆಯ ಮೇಳಗಳು. ಇಲ್ಲಿಯೂ ಒಂದು ರಾತ್ರಿಯ ಹಾಡು ಇನ್ನೊಂದು ರಾತ್ರಿ ಹಾಗೆಯೇ ಬರುವುದಿಲ್ಲ. ಅಚ್ಚಾದ ಪುಸ್ತಕದಲ್ಲಿ ಮಾತು ಸಿಕ್ಕೀತು. ಹಿಮ್ಮೇಳದವ ಸೊಲ್ಲೆತ್ತಿದ ರೀತಿ, ನಸುಕಿನ ಹೊತ್ತಿಗೆ ಒಡೆದ ಗಂಟಲು, ನಗುವ ಜನ, ಇವು ಸಿಕ್ಕಾವೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 1984ರ ಬೇಸಿಗೆಯಲ್ಲಿ, ಹೊಸದಾಗಿ ಅಧ್ಯಾಪಕನಾಗಿದ್ದಾಗ, ನಮ್ಮ ಪಕ್ಕದ ಹಳ್ಳಿಯಲ್ಲಿ ರಾತ್ರಿಯಿಡೀ ನಡೆದ ಸಣ್ಣಾಟವನ್ನು ಸಾಲದ ಟೇಪ್ ರಿಕಾರ್ಡರಿನಲ್ಲಿ ನಾಲ್ಕು ಕ್ಯಾಸೆಟ್ಟಿನಷ್ಟು ಹಿಡಿದಿದ್ದೆ. ಎರಡು ವರ್ಷದ ಮೇಲೆ ತಂಗಿಯ ಮದುವೆ ಬಂತು. ಹಂದರದಲ್ಲಿ ಹಾಕಲೆಂದು ಅವೇ ಕ್ಯಾಸೆಟ್ಟುಗಳ ಮೇಲೆ ಸಿನಿಮಾ ಹಾಡುಗಳನ್ನು ತುಂಬಿಸಿದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಸಣ್ಣ ಚಿಪ್ಪುಗಳನ್ನು ಮುರಿದಿಟ್ಟಿದ್ದರೆ ಅದರ ಮೇಲೆ ಮತ್ತೆ ಮುದ್ರಿಸಲು ಬರುತ್ತಿರಲಿಲ್ಲ. ಅಷ್ಟೂ ನಾನು ಮಾಡಿರಲಿಲ್ಲ. ಬಹಳ ವರ್ಷಗಳ ನಂತರ, ಅಂದು ಸಂಗ್ಯಾನ ಪಾತ್ರ ಮಾಡಿದ್ದ ಹಿರಿಯರು ಮನೆಗೆ ಬಂದರು. ಹಲ್ಲು ಬಿದ್ದು ದನಿ ಸೋತಿತ್ತು. ‘ಮಾಸ್ತರ್ರ, ಆ ಟೇಪಿನ್ಯಾಗ ನನ್ನ ದನಿ ಐತೇನ್ರಿ? ಮೊಮ್ಮಕ್ಕಳು ನಂಬವಲ್ವು’ ಎಂದರು. ನಾನು ನಿಜ ಹೇಳಿದೆ. ಅವರು ಚಹಾ ಕುಡಿದು, ‘ಇರ್ಲಿ ಬಿಡ್ರಿ, ಮದಿವಿ ಚಲೋ ಆತಲ್ಲ’ ಎಂದು ಎದ್ದುಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೊಳೆದದ್ದು ಆ ಹಿರಿಯರ ನೆನಪಿನಿಂದ. ವೃದ್ಧ ಗಾಯಕ ಹಳೆಯ ಕಚೇರಿಯನ್ನು ಹೊರತೆಗೆಯುವುದು, ‘ನಾನು ಹೀಗೆ ಹಾಡುತ್ತಿದ್ದೆ, ಇವರು ಕೇಳುತ್ತಿದ್ದರು’ ಎಂಬ ಸಾಕ್ಷಿಗಾಗಿ. ಹೆಸರಾದವನಿಗೆ ಆ ಸಾಕ್ಷಿ ಸಿಗುತ್ತದೆ; ಹಳ್ಳಿಯ ಸಂಗ್ಯಾನಿಗೆ ಸಿಗಲಿಲ್ಲ.

ಈ ನಾಲ್ಕೂ ತಾಲೂಕುಗಳ ಮನೆಗಳ ಅಟ್ಟದ ಮೇಲೆ ಇನ್ನೂ ಎಷ್ಟೋ ಕ್ಯಾಸೆಟ್ಟುಗಳು ಇದ್ದಾವು. ತೇವಕ್ಕೆ ಅವುಗಳ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಲೇಪ ಉದುರುತ್ತದೆ. ಬಲ್ಲವರಿಂದ ಬೇಗ ಪ್ರತಿ ಮಾಡಿಸಿರಿ. ಊರು, ವರ್ಷ, ಹಾಡಿದವರ ಹೆಸರು ಬರೆದಿಡಿರಿ. ಗುರುತು ಹಿಡಿಯಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಆಮೇಲೆ ಆ ದನಿಯನ್ನು ಮೊದಲು ಹಾಡಿದವರ ಮನೆಗೆ ಒಯ್ದು ಕೇಳಿಸಿರಿ. ಅಲ್ಲಿ ಮೊಮ್ಮಕ್ಕಳಿರುತ್ತಾರೆ.