ಚೊಚ್ಚಲ ಐತಿಹಾಸಿಕ ಕಾದಂಬರಿಕಾರರು ಮತ್ತು ನಮ್ಮ ಓದುಗರ ಕೂಟಗಳು: ಸದಸ್ಯರಿಗೊಂದು ಮಾಹಿತಿ ಬರಹ



ಮೊದಲ ಐತಿಹಾಸಿಕ ಕಾದಂಬರಿ ಬರೆದವರು ಓದುಗರನ್ನು ಹೇಗೆ ತಲುಪುತ್ತಾರೆ, ಅದರಲ್ಲಿ ಗಡಿ ಊರುಗಳ ಕನ್ನಡ ಸಂಘಗಳು ಏನು ಮಾಡಬಹುದು ಎಂಬ ವಿಷಯವನ್ನು ಒಂದೆಡೆ ಸೇರಿಸಿಡುವುದು ಈ ಬರಹದ ಉದ್ದೇಶ. ಪದಾಧಿಕಾರಿಗಳು ಬದಲಾದರೂ ಮುಂದಿನವರಿಗೆ ತೆಗೆದು ನೋಡಲು ಅನುಕೂಲವಾಗಲಿ.

ಗಳಗನಾಥರ ದಾರಿ

ಈ ವಿಷಯಕ್ಕೆ ಕನ್ನಡದಲ್ಲಿ ಮೊದಲು ನೆನೆಯಬೇಕಾದ ಹೆಸರು ಗಳಗನಾಥರದು. ಅವರ ನಿಜನಾಮ ವೆಂಕಟೇಶ ತಿರಕೋ ಕುಲಕರ್ಣಿ (1869–1942). ವರದಾ ಮತ್ತು ತುಂಗಭದ್ರಾ ನದಿಗಳು ಕೂಡುವ ಗಳಗನಾಥ ಅವರ ಊರು. ಶಾಲಾ ಶಿಕ್ಷಕರಾಗಿದ್ದ ಅವರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಆ ಸಂಘ ಹುಟ್ಟಿದ್ದು 1890ರಲ್ಲಿ. ಹೊಸ ಲೇಖಕರೊಬ್ಬರ ಬೆನ್ನು ತಟ್ಟಿದ್ದು ಒಂದು ಕನ್ನಡ ಸಂಘ ಎಂಬುದನ್ನು ಸಂಘ ನಡೆಸುವ ನಾವೆಲ್ಲ ನೆನಪಿನಲ್ಲಿಡಬೇಕು.

ಧಾರವಾಡದ ಕಡೆ ಆಗ ಮುಂಬಯಿ ಆಡಳಿತ. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯ ಪ್ರಭಾವ ಹೆಚ್ಚು. ಓದು ಬಲ್ಲ ಕನ್ನಡಿಗರ ಕೈಯಲ್ಲೂ ಮರಾಠಿ ಪುಸ್ತಕಗಳೇ ಇರುತ್ತಿದ್ದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಸದಸ್ಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗಳಗನಾಥರು ಮರಾಠಿಯನ್ನು ದೂರುತ್ತ ಕೂರಲಿಲ್ಲ. ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ವನ್ನು ‘ಕನ್ನಡಿಗರ ಕರ್ಮಕಥೆ’ ಎಂದು ಕನ್ನಡಕ್ಕೆ ತಂದರು. ಅದು ವಿಜಯನಗರದ ಪತನದ ಕಥೆ. ಆ ಸಾಮ್ರಾಜ್ಯದ ಹುಟ್ಟನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಬರೆದರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕರಾಗಿ ಓದುಗರನ್ನು ಬೆಳೆಸಿದರು.

ಅಚ್ಚಾದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ್ದಂತೂ ಉತ್ತರ ಕರ್ನಾಟಕದಲ್ಲಿ ಮನೆಮಾತು. ಅಂಗಡಿ ಇಲ್ಲದ ಕಡೆ ಲೇಖಕರೇ ಅಂಗಡಿಯಾದರು. ‘ಕಾದಂಬರಿ ಪಿತಾಮಹ’ ಎಂಬ ಗೌರವ ಅವರಿಗೆ ಸಂದಿತು, ಆದರೆ ಬಡತನ ಬಿಡಲಿಲ್ಲ.

ಅವರ ನಂತರ

ಬಿದನೂರಿನ ಕೊನೆಗಾಲವನ್ನು ಮಾಸ್ತಿಯವರು ‘ಚೆನ್ನಬಸವನಾಯಕ’ದಲ್ಲಿಯೂ ಕೊಡಗಿನ ಕೊನೆಯ ಅರಸನ ಕಥೆಯನ್ನು ‘ಚಿಕವೀರ ರಾಜೇಂದ್ರ’ದಲ್ಲಿಯೂ ಹೇಳಿದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ತ.ರಾ.ಸು. ಚಿತ್ರದುರ್ಗದ ನಾಯಕರನ್ನು ಮನೆಮನೆಗೆ ತಲುಪಿಸಿದರು. ಅವರ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ.

ಈಚಿನ ಉದಾಹರಣೆ ವಸುಧೇಂದ್ರ. ಸಾಫ್ಟ್‌ವೇರ್ ಕ್ಷೇತ್ರದಲ್ಲಿದ್ದ ಅವರು ಕಥೆ, ಪ್ರಬಂಧಗಳಿಂದ ಹೆಸರು ಮಾಡಿ, ‘ಛಂದ ಪುಸ್ತಕ’ ಪ್ರಕಾಶನ ಕಟ್ಟಿ, 2019ರಲ್ಲಿ ‘ತೇಜೋ ತುಂಗಭದ್ರಾ’ ತಂದರು. ಲಿಸ್ಬನ್, ಗೋವಾ, ವಿಜಯನಗರಗಳ ನಡುವೆ ನಡೆಯುವ ಕಥೆಯಾದ್ದರಿಂದ ಗೋವಾದ ಸದಸ್ಯರು ಅವಶ್ಯ ಓದಬೇಕು. ಐತಿಹಾಸಿಕ ಕಾದಂಬರಿಗೆ ಕೈಹಾಕುವ ಹೊತ್ತಿಗೆ ಅವರು ಓದುಗರನ್ನು ಸಂಪಾದಿಸಿಕೊಂಡಿದ್ದರು. ಮೊದಲ ಪುಸ್ತಕವೇ ಐತಿಹಾಸಿಕ ಕಾದಂಬರಿಯಾದವರಿಗೆ ಆ ಅನುಕೂಲ ಇರುವುದಿಲ್ಲ.

ಹೊಸಬರ ಕಷ್ಟವೇನು

ಐತಿಹಾಸಿಕ ಕಾದಂಬರಿಗೆ ವರ್ಷಗಟ್ಟಲೆ ಓದು, ಅಲೆದಾಟ ಬೇಕು. ಪುಟ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಹೆಸರು ಕೇಳದ ಲೇಖಕರ ದಪ್ಪ ಪುಸ್ತಕಕ್ಕೆ ದುಡ್ಡು ಕೊಡಲು ಯಾರಾದರೂ ಹಿಂದುಮುಂದು ನೋಡುತ್ತಾರೆ. ಬೆಂಗಳೂರಿನಲ್ಲಿ ಬಿಡುಗಡೆ, ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ನಾಲ್ಕು ದಿನ ಮಾತು. ಆಮೇಲೆ ಕಟ್ಟುಗಳು ಲೇಖಕರ ಮನೆಯ ಅಟ್ಟ ಸೇರುತ್ತವೆ. ಕರ್ನಾಟಕ ಸರ್ಕಾರದ ಗ್ರಂಥಾಲಯ ಖರೀದಿಗೆ ಆಯ್ಕೆಯಾದರೂ ಆ ಪ್ರತಿಗಳು ಸೇರುವುದು ರಾಜ್ಯದೊಳಗಿನ ಗ್ರಂಥಾಲಯಗಳನ್ನು. ಗಡಿಯಾಚೆಯ ನಮ್ಮ ಊರಿಗೆ ಹೊಸ ಕನ್ನಡ ಪುಸ್ತಕ ಬರಬೇಕಾದರೆ ನಾವೇ ತರಿಸಬೇಕು.

ಇನ್ನೊಂದು ಮಾತು. ಇಂಥ ಕಾದಂಬರಿ ಓದಿದವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಏಳುತ್ತವೆ: ಇದು ನಿಜವಾಗಿ ನಡೆದದ್ದೇ? ನಿಮಗೆ ಎಲ್ಲಿ ಸಿಕ್ಕಿತು? ಎಲ್ಲಿಂದ ನಿಮ್ಮ ಕಲ್ಪನೆ ಶುರುವಾಯಿತು? ಇದಕ್ಕೆ ಉತ್ತರ ಎದುರುಬದುರು ಕೂತಾಗ ಸಿಗುವಂತೆ ಬೇರೆಡೆ ಸಿಗದು.

ನಮ್ಮ ಊರುಗಳಲ್ಲಿ ಇರುವುದೇನು

ಲೇಖಕರಿಗೆ ಕೊಡಲು ನಮ್ಮಲ್ಲೂ ಬಂಡವಾಳವಿದೆ.

ಮಡಕಶಿರಾ ಸೀಮೆಯ ಹೇಮಾವತಿ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಸೊಲ್ಲಾಪುರ ಸಿದ್ಧರಾಮರ ಸೊನ್ನಲಿಗೆ; ಅದೇ ಜಿಲ್ಲೆಯ ಮಂಗಳವೇಡೆ ಕಳಚುರಿ ಬಿಜ್ಜಳನ ಮಂಗಳವಾಡ. ಕಾಸರಗೋಡಿನ ಬೇಕಲ ಕೋಟೆ ಕೆಳದಿ ಅರಸರದು. ‘ಚೆನ್ನಬಸವನಾಯಕ’ ಅದೇ ವಂಶದ ಕಥೆ ಎಂಬುದು ಗೊತ್ತಿದ್ದರೆ ಕೋಟೆಯೂ ಬೇರೆ ರೀತಿ ಕಾಣುತ್ತದೆ. ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದ ಸಿದ್ದಿ ಮಸೂದ್ ಖಾನ್ ಬಿಜಾಪುರದ ಆದಿಲ್‌ಶಾಹಿಯ ಸರದಾರ. ತಾಳವಾಡಿಯಿಂದ ಘಟ್ಟ ಇಳಿದು ಹೋದರೆ ಸಿಗುವ ಭವಾನಿಸಾಗರ ಅಣೆಕಟ್ಟಿನ ನೀರಿನಡಿ ಹೊಯ್ಸಳ ದಂಡನಾಯಕರ ಕೋಟೆ ಮುಳುಗಿದೆ. ನೀರು ಇಳಿದಾಗ ಕಾಣಿಸುತ್ತದೆ. ಗೋವಾದಲ್ಲಿ ಕದಂಬರ ನೆನಪಿದೆ.

ಜತೆಗೆ ನಮ್ಮಲ್ಲಿ ಹೆಚ್ಚಿನವರು ಎರಡು, ಮೂರು ಭಾಷೆ ಬಲ್ಲವರು. ಬೆಂಗಳೂರಿನ ಲೇಖಕರಿಗೆ ಮೋಡಿ ಲಿಪಿಯ ಕಾಗದವೋ ತೆಲುಗಿನ ಕೈಫಿಯತ್ತೋ ಸಿಕ್ಕರೆ ಓದಿ ಹೇಳುವ ಹಿರಿಯರು ಗಡಿ ಊರಿನಲ್ಲಿ ಸಿಗಬಹುದು. ಕೇಳಲು ಬಂದವರು ಹೇಳುವವರೂ ಆಗಬಲ್ಲರು.

ಕೂಟ ನಡೆಸುವ ಕ್ರಮ

1. ಮೊದಲು ಪುಸ್ತಕ, ಆಮೇಲೆ ಲೇಖಕರು. ಕನಿಷ್ಠ ಒಂದೂವರೆ ತಿಂಗಳು ಮುಂಚೆ ಪ್ರತಿಗಳನ್ನು ತರಿಸಿ. ಹತ್ತು ಪ್ರತಿ ಇದ್ದರೂ ಕೈಬದಲಿಸಿ ಓದಿದರೆ ಇಪ್ಪತ್ತೈದು ಜನಕ್ಕೆ ಸಾಕು.

2. ದುಡ್ಡು ಕೊಟ್ಟು ಕೊಳ್ಳಿ. ಗೌರವ ಪ್ರತಿ ಕೇಳುವುದು ಬೇಡ. ಶಾಲು, ಹಾರ, ಸ್ಮರಣಿಕೆಯ ಖರ್ಚಿನಲ್ಲಿ ಎಷ್ಟು ಪ್ರತಿ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಪ್ರಯಾಣ ಮತ್ತು ಊಟ, ವಸತಿಯ ವ್ಯವಸ್ಥೆ ಸಂಘದ್ದು.

3. ಕೂಟ ಎರಡು ಗಂಟೆ ಮೀರದಿರಲಿ. ಸ್ವಾಗತ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಲ್ಲ ಸೇರಿ ಹದಿನೈದು ನಿಮಿಷ. ಉಳಿದದ್ದು ಓದಿದವರಿಗೂ ಬರೆದವರಿಗೂ.

4. ಕನ್ನಡ ಮಾತಾಡಬಲ್ಲ, ಆದರೆ ಓದಲು ಬಾರದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗಾಗಿ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿಸಿ. ಒಂದೇ ಪ್ರಸಂಗದ ಮೇಲೆ ಇಡೀ ರಾತ್ರಿ ವಾದ ಕೇಳುವ ತಾಳಮದ್ದಳೆಯ ರೂಢಿ ಕಾಸರಗೋಡಿನಲ್ಲಿದೆ. ಕಿವಿಯಿಂದಲೂ ಸಾಹಿತ್ಯ ದಕ್ಕುತ್ತದೆ.

5. ಕಾದಂಬರಿ ಶಾಸನವಲ್ಲ, ಕಡತವೂ ಅಲ್ಲ. ಗಡಿ ವಿವಾದಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯುವುದು ಬೇಡ. ರಾಜರ, ಜಾತಿಗಳ, ಮತಗಳ ವಿಚಾರ ಬಂದಾಗ ನೆರೆಯ ಭಾಷೆಯ ಸ್ನೇಹಿತರೂ ಸಭೆಯಲ್ಲಿದ್ದಾರೆ ಎಂಬುದು ನೆನಪಿರಲಿ. ಸಾಧ್ಯವಾದರೆ ಊರಿನ ಇತಿಹಾಸ ಅಧ್ಯಾಪಕರೊಬ್ಬರನ್ನು, ಅವರು ಯಾವ ಭಾಷೆಯವರಾದರೂ ಸರಿ, ಕರೆಯಿರಿ.

6. ಮೆಚ್ಚದಿದ್ದರೆ ಮೆಚ್ಚಲಿಲ್ಲ ಎಂದು ಸೌಜನ್ಯದಿಂದ ಹೇಳಿ. ಯಾವ ಪುಟದಲ್ಲಿ ಬೇಸರ ಬಂತು, ಯಾವ ಮಾತು ಆ ಕಾಲಕ್ಕೆ ಹೊಂದಲಿಲ್ಲ ಎಂಬುದು ಹೊಸ ಲೇಖಕರಿಗೆ ಹೊಗಳಿಕೆಗಿಂತ ಹೆಚ್ಚು ಉಪಯೋಗ. ಮರುಮುದ್ರಣದಲ್ಲಿ ತಿದ್ದಿಕೊಳ್ಳಲೂಬಹುದು.

7. ಬರಲಾಗದವರೊಡನೆ ವಿಡಿಯೊ ಕರೆಯಲ್ಲಿ ಮಾತಾಡಬಹುದು. ಅದಕ್ಕೂ ಪುಸ್ತಕ ಓದಿರುವುದು ಕಡ್ಡಾಯ. ಹತ್ತಿರದ ಎರಡು ಮೂರು ಊರಿನ ಸಂಘಗಳು ಒಂದಾಗಿ ಕರೆದರೆ ಒಂದೇ ಪ್ರಯಾಣದಲ್ಲಿ ಮೂರು ಕೂಟ ಆಗುತ್ತದೆ. ಸೊಲ್ಲಾಪುರ–ಅಕ್ಕಲಕೋಟೆ, ರಾಯದುರ್ಗ–ಮಡಕಶಿರಾ ಸದಸ್ಯರು ಇದನ್ನು ಯೋಚಿಸಲಿ.

ಕೊನೆಯದಾಗಿ

ನಮ್ಮ ಊರುಗಳಲ್ಲಿ ಕನ್ನಡ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದು ಎಲ್ಲರಿಗೂ ಗೊತ್ತು. ರಾಜ್ಯೋತ್ಸವದ ದಿನ ಬಾವುಟ ಏರಿಸಿದರೆ ವರ್ಷವಿಡೀ ಸಾಲದು. ಮನೆಯಲ್ಲಿ ಒಬ್ಬರು ಕನ್ನಡ ಪುಸ್ತಕ ಹಿಡಿದು ಕೂತರೆ ಉಳಿದವರು ಅದೇನೆಂದು ಕೇಳುತ್ತಾರೆ. ತನ್ನ ಊರಿನ ಕೋಟೆಯೇ ಅದರಲ್ಲಿ ಬಂದಿದೆ ಎಂದರೆ ಮಗು ಅಕ್ಷರ ಕಲಿಯಲೂಬಹುದು. ಗಳಗನಾಥರು ಗಂಟು ಹೊತ್ತು ಬಂದಾಗ ಯಾರೋ ಬಾಗಿಲು ತೆರೆದು ಒಂದು ಪ್ರತಿ ಕೊಂಡಿದ್ದರು. ಈಗ ಆ ಕೆಲಸ ನಮ್ಮದು.

ಕೂಟ ಆರಂಭಿಸುವ ಸಂಘಗಳು ಓದಿದ ಪುಸ್ತಕ, ಹಾಜರಿದ್ದವರ ಸಂಖ್ಯೆ, ಕೊಂಡ ಪ್ರತಿಗಳ ಲೆಕ್ಕ, ಚರ್ಚೆಯ ಸಾರ ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ