ಪರಿಷ್ಕರಣೆಯ ಗಡುವು

ಸಂಶೋಧನಾ ಪತ್ರಿಕೆಯೊಂದು ರೆಫರಿಗಳ (ಪ್ರಬಂಧವನ್ನು ಪರಿಶೀಲಿಸುವ ತಜ್ಞರ) ಟಿಪ್ಪಣಿ ಸಮೇತ ಪ್ರಬಂಧವನ್ನು ಹಿಂದಿರುಗಿಸಿದಾಗ, ಅದನ್ನು ತಿದ್ದಿ ಮತ್ತೆ ಕಳಿಸಲು ಲೇಖಕರಿಗೆ ಕೊಡುವ ಕಾಲಾವಕಾಶ. ಕೆಲವೆಡೆ ಇದು ಕೆಲವೇ ದಿನ, ಕೆಲವೆಡೆ ಹಲವು ತಿಂಗಳು. ಕೇಳಿಕೊಂಡರೆ ಸಂಪಾದಕರು ಸಾಮಾನ್ಯವಾಗಿ ಅವಧಿ ವಿಸ್ತರಿಸುತ್ತಾರೆ. ಕೇಳದೆ ಗಡುವು ಮೀರಿದರೆ ಹಲವು ಪತ್ರಿಕೆಗಳು ಪ್ರಬಂಧವನ್ನು ಹೊಸದಾಗಿ ಬಂದದ್ದೆಂದೇ ಎಣಿಸುತ್ತವೆ.

1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ ಇಂಥ ಏರ್ಪಾಡು ಇರಲಿಲ್ಲ. ಯಾವುದು ಅಚ್ಚಾಗಬೇಕೆಂದು ಈತನೇ ಆರಿಸುತ್ತಿದ್ದ. 1752ರಲ್ಲಿ ರಾಯಲ್ ಸೊಸೈಟಿ ಪತ್ರಿಕೆಯ ಹೊಣೆ ಹೊತ್ತ ಮೇಲೆ ಸಮಿತಿಯೊಂದು ಮತ ಹಾಕಿ ನಿರ್ಧರಿಸತೊಡಗಿತು. ಆಗಲೂ ಹೌದು, ಇಲ್ಲ ಎರಡೇ. ‘ತಿದ್ದಿ ಕೊಡಿ’ ಎಂಬ ಉತ್ತರಕ್ಕೆ ದಾರಿಯಾದದ್ದು 1830ರ ದಶಕದಲ್ಲಿ ಬಂದ ರೆಫರಿಗಳ ಲಿಖಿತ ವರದಿಗಳಿಂದ. ಜಾರ್ಜ್ ಏರಿಯ ಖಗೋಳ ಪ್ರಬಂಧವೊಂದನ್ನು ವಿಲಿಯಂ ಹ್ಯೂವೆಲ್ ಮತ್ತು ಜಾನ್ ಲಬಕ್ ಪರಿಶೀಲಿಸಿದರು. ಹ್ಯೂವೆಲ್‌ಗೆ ಮೆಚ್ಚುಗೆ, ಲಬಕ್‌ಗೆ ತಿದ್ದುಪಡಿ ಬೇಕಿತ್ತು. ಏರಿ ತಿದ್ದಲು ಒಪ್ಪಲಿಲ್ಲ, ಪ್ರಬಂಧ ಪ್ರಕಟವೂ ಆಯಿತು.

ನೂರು ವರ್ಷಗಳ ಬಳಿಕವೂ ಈ ಪದ್ಧತಿ ಎಲ್ಲರಿಗೂ ರೂಢಿಯಾಗಿರಲಿಲ್ಲ. 1936ರಲ್ಲಿ ‘ಫಿಸಿಕಲ್ ರಿವ್ಯೂ’ ಸಂಪಾದಕ ಜಾನ್ ಟೇಟ್, ಗುರುತ್ವ ಅಲೆಗಳ ಕುರಿತ ಐನ್‌ಸ್ಟೈನ್-ರೋಸೆನ್ ಪ್ರಬಂಧವನ್ನು ರೆಫರಿಯ ಆಕ್ಷೇಪಗಳೊಡನೆ ಮರಳಿಸಿದ. ತನ್ನನ್ನು ಕೇಳದೆ ಬೇರೆಯವರಿಗೆ ತೋರಿಸಿದ್ದಕ್ಕೆ ಸಿಟ್ಟಾದ ಐನ್‌ಸ್ಟೈನ್ ಅದನ್ನು ಹಿಂತೆಗೆದುಕೊಂಡ. ಮರುವರ್ಷ ಮತ್ತೊಂದು ಪತ್ರಿಕೆಯಲ್ಲಿ ಅದು ಬಂದಾಗ ಪ್ರಬಂಧದ ತೀರ್ಮಾನ ಬದಲಾಗಿತ್ತು. ಯಾರ ಗಡುವೂ ಇಲ್ಲದೆ ಆದ ತಿದ್ದುಪಡಿ ಅದು. ‘ನೇಚರ್’ ಎಲ್ಲ ಪ್ರಬಂಧಗಳಿಗೂ ಹೊರಗಿನ ಪರಿಶೀಲನೆಯನ್ನು ನಿಯಮ ಮಾಡಿಕೊಂಡದ್ದು 1973ರಲ್ಲಿ.

ಗಡುವಿನ ಬಲವೆಲ್ಲ ದಿನಾಂಕದ್ದು. 1932ರಿಂದ ಬೆಂಗಳೂರಿನಿಂದ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಪ್ರಬಂಧಗಳ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಪ್ರಬಂಧ ಬಂದ ದಿನ, ಪರಿಷ್ಕೃತ ರೂಪ ಅಂಗೀಕಾರವಾದ ದಿನ. ಯಾರು ಮೊದಲು ಕಂಡುಹಿಡಿದರು ಎಂಬ ಜಗಳದಲ್ಲಿ ಮೊದಲ ದಿನಾಂಕವೇ ಸಾಕ್ಷಿ. ಗಡುವು ತಪ್ಪಿ ಹೊಸ ಸಲ್ಲಿಕೆಯಾದರೆ ಲೇಖಕ ಅದನ್ನು ಕಳೆದುಕೊಳ್ಳುತ್ತಾನೆ. ಪತ್ರಿಕೆಗೆ ಮಾತ್ರ ಲಾಭ: ಲೆಕ್ಕ ಹೊಸದಾಗಿ ಶುರುವಾಗುವುದರಿಂದ ಪ್ರಕಟಣೆಯ ಸರಾಸರಿ ಅವಧಿ ಕಡಿಮೆ ಕಾಣುತ್ತದೆ. ಲೇಖಕರು ಗೊಣಗುವುದರಲ್ಲಿ ಅರ್ಥವಿದೆ, ಏಕೆಂದರೆ ರೆಫರಿ ತಿಂಗಳುಗಟ್ಟಲೆ ತಡಮಾಡಿದರೆ ದಂಡ ತೆರುವವರಿಲ್ಲ.

ತಿದ್ದುಪಡಿಯ ಹೊರೆಯೂ ಬೆಳೆಯಿತು. ಅರ್ಥಶಾಸ್ತ್ರದ ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಣೆ ಮೂರು ದಶಕಗಳಲ್ಲಿ ತೀರ ನಿಧಾನವಾಯಿತೆಂದೂ, ವಿಸ್ತಾರವಾದ ಪರಿಷ್ಕರಣೆಗಳನ್ನು ಕೇಳುವುದೇ ಅದಕ್ಕೆ ದೊಡ್ಡ ಕಾರಣವೆಂದೂ ಗ್ಲೆನ್ ಎಲಿಸನ್‌ರ 2002ರ ಅಧ್ಯಯನ ತೋರಿಸಿತು. ಇನ್ನೊಂದೆಡೆ, ಆನ್‌ಲೈನ್ ಸಲ್ಲಿಕೆಯ ವ್ಯವಸ್ಥೆಗಳು ಸಂಪಾದಕರ ಪತ್ರದಲ್ಲಿದ್ದ ಸೌಜನ್ಯದ ಕೋರಿಕೆಯನ್ನು ತಾನೇ ನೆನಪೋಲೆ ಕಳಿಸುವ ಯಂತ್ರವಾಗಿಸಿದವು. ‘ಪ್ಲಾಸ್ ಒನ್’ ಪತ್ರಿಕೆ ಲೇಖಕರಿಗೆ ಕಳಿಸುವ ಪತ್ರದಲ್ಲಿ ದಿನದ ಜೊತೆ ರಾತ್ರಿ 11:59 ಎಂಬ ಗಂಟೆಯೂ ನಮೂದಾಗಿರುತ್ತದೆ. ವೇಗವನ್ನೇ ಹೆಗ್ಗಳಿಕೆ ಮಾಡಿಕೊಂಡ ಎಂಡಿಪಿಐ ಪ್ರಕಾಶನ ದೊಡ್ಡ ತಿದ್ದುಪಡಿಗೂ ಸಾಮಾನ್ಯವಾಗಿ 10 ದಿನವಷ್ಟೇ ಕೊಡುತ್ತದೆ. ಪ್ರಯೋಗ ಮತ್ತೆ ಮಾಡಬೇಕಾದವರಿಗೆ ಅದು ಏನೇನೂ ಸಾಲದು.

2012ರಲ್ಲಿ ಆರಂಭವಾದ ‘ಈಲೈಫ್’ ಪತ್ರಿಕೆ ತಲೆಕೆಳಗಾಗಿ ಯೋಚಿಸಿತು: ಎರಡು ತಿಂಗಳಲ್ಲಿ ಮುಗಿಯುವಷ್ಟನ್ನು ಮಾತ್ರ ಕೇಳಬೇಕೆಂದು ರೆಫರಿಗಳಿಗೇ ಮಿತಿ ಹಾಕಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಪ್ರಯೋಗಾಲಯಗಳು ಮುಚ್ಚಿದಾಗ ಆ ಮಿತಿಯನ್ನೂ ತೆಗೆದು, ಬೇಕಾದಷ್ಟು ಕಾಲ ತೆಗೆದುಕೊಳ್ಳಲು ಬಿಟ್ಟಿತು. 2023ರಿಂದ ಅಲ್ಲಿ ಪರಿಶೀಲನೆಗೆ ಹೋದ ಪ್ರಬಂಧ ವಿಮರ್ಶೆಯೊಡನೆ ಪ್ರಕಟವಾಗುತ್ತದೆ. ತಿದ್ದಬೇಕೇ, ಯಾವಾಗ ಎಂಬುದು ಲೇಖಕರಿಗೆ ಬಿಟ್ಟದ್ದು.